ಸೋಷಿಯಲ್ ಮೀಡಿಯಾದಲ್ಲಿ ನಿಮ್ಮ ಗುರುತು: ಯಾವ ಹೆಸರು, ಯಾವ ಜಾಗ, ಎಷ್ಟು ಖಾಸಗಿ?

ಪರ್ಸನಲ್ ಬ್ರ್ಯಾಂಡ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಕೆಲವರಿಗೆ ಮೈ ಉರಿಯುತ್ತದೆ. ಮನುಷ್ಯರಿಗೂ ಲೇಬಲ್ ಅಂಟಿಸಬೇಕಾ ಎಂದು ಕೇಳುತ್ತಾರೆ. ಸಿಟ್ಟು ನ್ಯಾಯವಾದದ್ದೇ. ಆದರೆ ಈ ಮಾತು ಸೋಷಿಯಲ್ ಮೀಡಿಯಾಗಿಂತ ಹಳೆಯದು. 1997ರಲ್ಲಿ ಅಮೆರಿಕದ ಒಂದು ಬಿಸಿನೆಸ್ ಪತ್ರಿಕೆಯಲ್ಲಿ ಬಂದ ಲೇಖನದಿಂದ ಇದು ಎಲ್ಲರ ಬಾಯಿಗೆ ಬಂತು. ಆಗ ಫೇಸ್‌ಬುಕ್ ಇರಲಿಲ್ಲ, ಯೂಟ್ಯೂಬೂ ಇರಲಿಲ್ಲ. ಕಂಪನಿಯ ಹೆಸರಿನ ಹಿಂದೆ ನಿಲ್ಲುವ ಬದಲು ನಿಮ್ಮ ಹೆಸರನ್ನು ನೀವೇ ಬೆಳೆಸಿಕೊಳ್ಳಿ ಎನ್ನುವುದು ಅದರ ತಿರುಳು.

ಈಗ ಪರಿಸ್ಥಿತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ನಿಮಗೆ ಕೆಲಸ ಕೊಡುವವರು, ನಿಮ್ಮಿಂದ ಕೆಲಸ ಮಾಡಿಸಿಕೊಳ್ಳುವವರು ಮೊದಲು ನಿಮ್ಮ ಹೆಸರನ್ನು ಹುಡುಕಿ ನೋಡುತ್ತಾರೆ. ಅಲ್ಲಿ ಏನಾದರೂ ಸಿಕ್ಕೇ ಸಿಗುತ್ತದೆ. ನೀವು ಯೋಚಿಸಿ ಇಟ್ಟದ್ದು ಸಿಗಬಹುದು. ಯಾರೋ ಟ್ಯಾಗ್ ಮಾಡಿದ ಹಳೆಯ ಫೋಟೊ ಕೂಡ ಸಿಗಬಹುದು.

ಹಾಗಂತ ಎಲ್ಲರೂ ಇದಕ್ಕೆ ಕೈ ಹಾಕಲೇಬೇಕು ಎಂದೇನಿಲ್ಲ. ಪರಿಚಯದವರ ಮೂಲಕವೇ ನಿಮಗೆ ಸಾಕಷ್ಟು ಕೆಲಸ ಬರುತ್ತಿದೆಯಾ? ಹೊಸಬರಿಗೆ ಗುರುತಾಗುವ ಅಗತ್ಯವೂ ಇಲ್ಲವಾ? ಹಾಗಿದ್ದರೆ ಒಂದು ಚೊಕ್ಕ ಪ್ರೊಫೈಲ್ ಸಾಕು. ಸರಿಯಾದ ಫೋಟೊ, ಮಾಡುವ ಕೆಲಸದ ಬಗ್ಗೆ ಎರಡು ಸಾಲು, ಸಂಪರ್ಕಿಸುವ ದಾರಿ. ಅಷ್ಟು ಮಾಡಿ ಸುಮ್ಮನಿದ್ದುಬಿಡಿ. ಹೀಗೆ ಬದುಕುತ್ತಿರುವ ಒಳ್ಳೊಳ್ಳೆಯ ಕೆಲಸಗಾರರು ಬೇಕಾದಷ್ಟು ಜನ ಇದ್ದಾರೆ.

ಇಲ್ಲ, ನನಗೆ ಬೇಕು ಎನ್ನುವವರಿಗೆ ಮುಂದಿನ ಮಾತು. ಇಲ್ಲಿ ಬರುವ ಪ್ರತಿ ಆಯ್ಕೆಯನ್ನೂ ನಾನು ಒಂದೇ ಪ್ರಶ್ನೆಯಿಂದ ಅಳೆಯುತ್ತೇನೆ. ನಿಮ್ಮ ಪೋಸ್ಟ್‌ಗಳನ್ನು ಆರು ತಿಂಗಳು ಓದಿದವರು ನಾಳೆ ನಿಮ್ಮೆದುರು ಬಂದು ಕೂತರೆ, ‘ಇವರು ಬೇರೆಯೇ ಯಾರೋ’ ಅನ್ನಿಸುತ್ತದಾ? ಅನ್ನಿಸಿದರೆ ಎಷ್ಟೇ ಲೈಕ್ ಬಂದಿದ್ದರೂ ಆ ಆಯ್ಕೆ ತಪ್ಪು. ಅಂತರ ಕಡಿಮೆ ಇದ್ದಷ್ಟೂ ನಿಮಗೆ ಸುಸ್ತು ಕಡಿಮೆ. ಇದರಲ್ಲಿ ನೀತಿಗಿಂತ ಜಾಸ್ತಿ ಅನುಕೂಲದ ಲೆಕ್ಕವೇ ಇದೆ. ನಟನೆಯನ್ನು ಒಂದು ವಾರ ನಡೆಸಬಹುದು, ಮೂರು ವರ್ಷ ನಡೆಸಲು ಆಗುವುದಿಲ್ಲ.

ಸ್ವಂತ ಹೆಸರಾ, ಇಟ್ಟುಕೊಂಡ ಹೆಸರಾ?

ಸ್ವಂತ ಹೆಸರಿನ ದೊಡ್ಡ ಲಾಭ ಏನೆಂದರೆ, ನೀವು ಹೋದಲ್ಲಿಗೆ ಅದೂ ಬರುತ್ತದೆ. ಇವತ್ತು ವಿಡಿಯೊ ಎಡಿಟಿಂಗ್ ಬಗ್ಗೆ ಬರೆಯುವವರು ನಾಲ್ಕು ವರ್ಷದ ಮೇಲೆ ಡಾಕ್ಯುಮೆಂಟರಿ ಮಾಡಲು ಹೊರಟರೂ ಹೆಸರು ಬದಲಿಸಬೇಕಿಲ್ಲ. ಅದೇ ‘ಎಡಿಟಿಂಗ್ ಗುರು’ ಎಂದು ಪೇಜ್ ಮಾಡಿದ್ದರೆ ವಿಷಯ ಬದಲಾದ ದಿನ ಸಿಕ್ಕಿಹಾಕಿಕೊಳ್ಳುತ್ತಾರೆ.

ಇಟ್ಟುಕೊಂಡ ಹೆಸರಿಗೂ ಅದರದ್ದೇ ಜಾಗ ಇದೆ. ಇಬ್ಬರು ಮೂವರು ಸೇರಿ ನಡೆಸುವುದಿದ್ದರೆ, ಮುಂದೊಂದು ದಿನ ಬೇರೆಯವರ ಕೈಗೆ ಕೊಡುವ ಯೋಚನೆ ಇದ್ದರೆ ಅದೇ ವಾಸಿ. ನಿಮ್ಮ ಕಚೇರಿಯಲ್ಲಿ ಸಾರ್ವಜನಿಕವಾಗಿ ಬರೆಯಲು ನಿರ್ಬಂಧ ಇದೆಯಾ ಎಂಬುದನ್ನು ಮೊದಲೇ ನೋಡಿಕೊಳ್ಳಿ. ನಿರ್ಬಂಧ ಇದ್ದರೆ ಬೇರೆ ಹೆಸರಿನ ಹಿಂದೆ ಅಡಗಿದ ಮಾತ್ರಕ್ಕೆ ತಪ್ಪಿಸಿಕೊಂಡಂತೆ ಆಗುವುದಿಲ್ಲ. ಅಂಥ ಗುಟ್ಟು ಬಯಲಾಗುವುದು ಬಹಳ ಸುಲಭ.

ಬೇರೆ ಹೆಸರಿಟ್ಟುಕೊಂಡರೆ ಅಥವಾ ಮುಖ ತೋರಿಸದಿದ್ದರೆ ಅದು ಅಸಲಿ ಅಲ್ಲ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬೀದಿ ಗೋಡೆಗಳ ಕಲಾವಿದ ಬ್ಯಾಂಕ್ಸಿಯನ್ನೇ ನೋಡಿ. ಅವರು ಯಾರೆಂದು ಇಂದಿಗೂ ತಾವಾಗಿ ಹೇಳಿಕೊಂಡಿಲ್ಲ. ಆದರೂ ಹೊಸ ಚಿತ್ರ ಕಾಣಿಸಿದರೆ ಜನ ಅವರ ಇನ್‌ಸ್ಟಾಗ್ರಾಂ ಖಾತೆಯತ್ತ ನೋಡುತ್ತಾರೆ. ಅಲ್ಲಿ ಬಂದರೆ ಅವರದ್ದು, ಇಲ್ಲದಿದ್ದರೆ ಅನುಮಾನ. ಮುಖವೇ ಇಲ್ಲದೆ ಹುಟ್ಟಿದ ನಂಬಿಕೆ ಇದು. ಕೆಲಸದಲ್ಲಿ ಒಂದೇ ಕೈ, ಒಂದೇ ನಿಲುವು ಕಾಣುತ್ತಾ ಬಂದಿದ್ದರಿಂದ ಹುಟ್ಟಿದ್ದು. ಕ್ಯಾಮೆರಾ ಕಂಡರೆ ಗಂಟಲು ಕಟ್ಟುವವರು ಬಲವಂತವಾಗಿ ನಗುತ್ತಾ ನಿಲ್ಲುವುದಕ್ಕಿಂತ ಕೈ ತೋರಿಸಿ, ಸ್ಕ್ರೀನ್ ತೋರಿಸಿ, ಧ್ವನಿಯಲ್ಲಿ ವಿವರಿಸಿದರೆ ಸಾಕು. ಆದರೆ ಜನ ನಿಮ್ಮನ್ನೇ ನಂಬಿ ಬರಬೇಕಾದ ಕೆಲಸ ನಿಮ್ಮದಾಗಿದ್ದರೆ, ಉದಾಹರಣೆಗೆ ಆಪ್ತ ಸಮಾಲೋಚನೆ ಅಥವಾ ಹಣದ ಸಲಹೆ, ಅಲ್ಲಿ ಮುಖವೂ ಬೇಕು, ಅಸಲಿ ಹೆಸರೂ ಬೇಕು, ಓದಿದ್ದೇನು ಎಂಬ ವಿವರವೂ ಬೇಕು.

ಇನ್ನೊಂದು ಸಣ್ಣ ವಿಷಯ. ಹ್ಯಾಂಡಲ್, ಅಂದರೆ @ ಗುರುತಿನ ಮುಂದೆ ಬರುವ ಖಾತೆಯ ಹೆಸರು, ಎಲ್ಲ ಕಡೆ ಒಂದೇ ಇರಲಿ. ಹೆಸರಿನ ಹಿಂದೆ ಮುಂದೆ ಅಂಕಿ, ಅಡ್ಡಗೆರೆ ಸೇರಿಸಿದರೆ ಬಾಯಲ್ಲಿ ಹೇಳುವುದಕ್ಕೇ ಬರುವುದಿಲ್ಲ. ನೀಲಿ ಟಿಕ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಟ್ವಿಟರ್ (ಈಗಿನ ಎಕ್ಸ್) 2023ರ ಏಪ್ರಿಲ್‌ನಲ್ಲಿ ಹಳೆಯ ಉಚಿತ ಟಿಕ್‌ಗಳನ್ನು ತೆಗೆಯಿತು. ಅದೇ ವರ್ಷ ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕೂಡ ಹಣ ಕೊಟ್ಟು ಪಡೆಯುವ ಟಿಕ್ ತಂದಿತು. ಖ್ಯಾತರಿಗೆ ಮಾತ್ರ ಸಿಗುತ್ತಿದ್ದ ಗುರುತು ಈಗ ಚಂದಾ ಕಟ್ಟಿದವರಿಗೂ ಸಿಗುತ್ತದೆ.

ಯಾವ ಜಾಗ?

ಹೆಚ್ಚಿನವರು ತಪ್ಪು ಪ್ರಶ್ನೆಯಿಂದ ಶುರು ಮಾಡುವುದು ಇಲ್ಲೇ. ‘ಈಗ ಯಾವುದು ಜಾಸ್ತಿ ಓಡುತ್ತಿದೆ’ ಎಂದು ಕೇಳುತ್ತಾರೆ. ಓಡುವುದು ಆರು ತಿಂಗಳಿಗೊಮ್ಮೆ ಬದಲಾಗುತ್ತದೆ. ನೀವು ಬರೆಯುವವರಾ, ಮಾತಾಡುವವರಾ, ತೋರಿಸುವವರಾ ಎಂಬುದು ಅಷ್ಟು ಬೇಗ ಬದಲಾಗುವುದಿಲ್ಲ. ಅಲ್ಲಿಂದ ಶುರು ಮಾಡಿ.

ಇನ್ನೊಂದು ಭೇದ ತಿಳಿದಿರಬೇಕು, ಅದು ಬಹಳ ಮುಖ್ಯ. ಕೆಲವು ಜಾಗಗಳಲ್ಲಿ ನಿಮ್ಮ ಪೋಸ್ಟ್ ಜನರ ಮುಂದೆ ತಾನಾಗಿ ಬಂದು ಹೋಗುತ್ತದೆ. ಇನ್ನು ಕೆಲವು ಕಡೆ ಜನ ಹುಡುಕಿಕೊಂಡು ಬರುತ್ತಾರೆ. ಎಕ್ಸ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಲಿಂಕ್ಡ್‌ಇನ್ ಹೆಚ್ಚಾಗಿ ಮೊದಲನೆಯ ಬಗೆಯವು. ಅಲ್ಲಿ ಪೋಸ್ಟ್‌ನ ಆಯಸ್ಸು ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ. ಯೂಟ್ಯೂಬ್ ಮತ್ತು ಸ್ವಂತ ವೆಬ್‌ಸೈಟ್ ಎರಡನೆಯ ಬಗೆಯವು. ಮೂರು ವರ್ಷದ ಹಿಂದಿನ ಒಂದು ಉಪಯುಕ್ತ ವಿಡಿಯೊ ಇವತ್ತೂ ಹೊಸಬರನ್ನು ಕರೆತರುತ್ತದೆ. ಬೇಗ ಗುರುತಾಗಬೇಕು ಎನ್ನುವವರಿಗೆ ಮೊದಲನೆಯದು. ತಡವಾದರೂ ಪರವಾಗಿಲ್ಲ, ಮಾಡಿದ ಕೆಲಸ ಉಳಿಯಬೇಕು ಎನ್ನುವವರಿಗೆ ಎರಡನೆಯದು.

ಲಿಂಕ್ಡ್‌ಇನ್‌ನಲ್ಲಿ ಜನ ಅಸಲಿ ಹೆಸರು, ಅಸಲಿ ಹುದ್ದೆಯ ಜೊತೆ ಇರುತ್ತಾರೆ. 2003ರಲ್ಲಿ ಶುರುವಾದಾಗ ಅದು ಹೆಚ್ಚುಕಡಿಮೆ ಬಯೋಡೇಟಾ ಇಡುವ ಜಾಗವಾಗಿತ್ತು. ಈಗ ಒಂದು ಪೋಸ್ಟ್‌ಗೆ 3,000 ಅಕ್ಷರಗಳ ಮಿತಿ ಇದೆ, ಅಂದರೆ ಒಂದು ವಿಚಾರವನ್ನು ನೆಟ್ಟಗೆ ಹೇಳಿ ಮುಗಿಸಬಹುದು. ಉದ್ಯೋಗ ಹುಡುಕುವವರಿಗೆ, ಕಂಪನಿಗಳಿಗೆ ಸೇವೆ ಕೊಡುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. ಆದರೆ ಅಲ್ಲಿನ ಭಾಷೆ ಅಂಟುರೋಗ. ಪ್ರತಿ ಸಣ್ಣ ಘಟನೆಯಿಂದಲೂ ನಾಯಕತ್ವದ ಪಾಠ ತೆಗೆಯುವ ಚಾಳಿ ಅಲ್ಲಿ ಎಲ್ಲರಿಗೂ ಅಂಟುತ್ತದೆ. ಬಸ್ಸು ತಪ್ಪಿದ್ದರಲ್ಲೂ ಐದು ಪಾಠ! ಹಾಗೆ ಬರೆಯುವವರು ನೂರು ಜನ ಇರುವುದರಿಂದಲೇ, ‘ಈ ವಾರ ಈ ಸಮಸ್ಯೆ ಬಂತು, ಹೀಗೆ ಬಿಡಿಸಿದೆವು’ ಎಂದು ಸಾದಾ ಬರೆಯುವವರು ಬೇಗ ಕಣ್ಣಿಗೆ ಬೀಳುತ್ತಾರೆ.

ಎಕ್ಸ್ ಚುರುಕು ಮಾತಿನವರಿಗೆ. 140 ಅಕ್ಷರದಿಂದ 2017ರಲ್ಲಿ 280ಕ್ಕೆ ಬಂತು. ಹಣ ಕೊಟ್ಟವರಿಗೆ ಈಗ ಇನ್ನೂ ಉದ್ದ ಬರೆಯುವ ಅವಕಾಶ ಇದೆ. ಪತ್ರಕರ್ತರು, ಸಾಫ್ಟ್‌ವೇರ್‌ನವರು, ಸಂಶೋಧಕರು ಅಲ್ಲಿ ಇನ್ನೂ ಸಿಗುತ್ತಾರೆ. ಜಗಳವೂ ಅಷ್ಟೇ ಸುಲಭವಾಗಿ ಸಿಗುತ್ತದೆ. ಬೇಗ ಕೆರಳುವ ಸ್ವಭಾವ ನಿಮ್ಮದಾಗಿದ್ದರೆ ಆ ಕಡೆ ಹೋಗದಿರುವುದೇ ಒಳ್ಳೆಯದು. ರಾತ್ರಿ ಹನ್ನೊಂದಕ್ಕೆ ಸಿಟ್ಟಿನಲ್ಲಿ ಹಾಕಿದ ಎರಡು ಸಾಲು ವರ್ಷಗಟ್ಟಲೆ ಸ್ಕ್ರೀನ್‌ಶಾಟ್ ಆಗಿ ಓಡಾಡುತ್ತದೆ.

ಇನ್‌ಸ್ಟಾಗ್ರಾಂ ಕಣ್ಣಿಗೆ ಕಾಣುವ ಕೆಲಸದವರಿಗೆ. ಚಿತ್ರಕಾರರು, ಫೋಟೊ ತೆಗೆಯುವವರು, ವಿನ್ಯಾಸಕಾರರು, ವ್ಯಾಯಾಮ ಹೇಳಿಕೊಡುವವರು ಅಲ್ಲಿ ಗೆಲ್ಲುತ್ತಾರೆ. 2010ರಲ್ಲಿ ಫೋಟೊ ಆ್ಯಪ್ ಆಗಿ ಬಂದದ್ದು 2020ರಲ್ಲಿ ರೀಲ್ಸ್ ಬಂದ ಮೇಲೆ ಬಹುಮಟ್ಟಿಗೆ ವಿಡಿಯೊ ಜಾಗವಾಗಿದೆ. ಕ್ಯಾಪ್ಷನ್‌ನಲ್ಲಿ ಲಿಂಕ್ ಹಾಕಿದರೆ ಅದನ್ನು ಒತ್ತಿ ಹೋಗಲು ಬರುವುದಿಲ್ಲ, ಬಯೋದಲ್ಲೋ (ಪ್ರೊಫೈಲ್‌ನ ಪರಿಚಯದ ಸಾಲು) ಸ್ಟೋರಿಯಲ್ಲೋ ಹಾಕಬೇಕು. ಹಾಗಾಗಿ ಓದುಗರನ್ನು ಬೇರೆ ಕಡೆ ಕರೆದೊಯ್ಯುವ ಆಸೆ ಇರುವ ಬರಹಗಾರರಿಗೆ ಅದು ಅಷ್ಟು ಒಗ್ಗುವುದಿಲ್ಲ.

ಫೇಸ್‌ಬುಕ್ ವಿಚಿತ್ರ ಜಾಗ. ಅಲ್ಲಿ ನಿಮ್ಮ ಶಾಲೆಯ ಗೆಳೆಯರು, ನೆಂಟರು, ಹಳೆಯ ಬಾಸ್, ಹೊಸ ಗ್ರಾಹಕರು ಎಲ್ಲರೂ ಒಂದೇ ಸಾಲಿನಲ್ಲಿ ಕೂತಿರುತ್ತಾರೆ. ಒಬ್ಬರಿಗೆ ಹೇಳುವ ತಮಾಷೆ ಇನ್ನೊಬ್ಬರಿಗೆ ಮುಜುಗರ. ಎಲ್ಲರಿಗೂ ಒಗ್ಗುವ ಮಾತು ಹುಡುಕುತ್ತಾ ಕೊನೆಗೆ ಸಪ್ಪೆಯಾಗುತ್ತೀರಿ. ಪ್ರೊಫೈಲ್‌ನಲ್ಲಿ 5,000 ಗೆಳೆಯರ ಮಿತಿ ಇದೆ, ಪೇಜ್‌ಗೆ ಅಂಥ ಮಿತಿ ಇಲ್ಲ. ಆದರೆ 2018ರ ಜನವರಿಯಲ್ಲಿ ಗೆಳೆಯರ ಮತ್ತು ಮನೆಯವರ ಪೋಸ್ಟ್‌ಗಳಿಗೆ ಆದ್ಯತೆ ಎಂದು ಕಂಪನಿ ಘೋಷಿಸಿತು. ಆಮೇಲೆ ಪೇಜ್ ನಡೆಸುವವರಿಗೆ ಹಣ ಹಾಕದೆ ರೀಚ್ ಸಿಗುವುದು ಕಷ್ಟವಾಗಿದೆ. ನಿಮ್ಮ ಓದುಗರು ಈಗಾಗಲೇ ಅಲ್ಲಿದ್ದರೆ, ಒಳ್ಳೆಯ ಗುಂಪುಗಳಲ್ಲಿ ಉತ್ತರ ಕೊಡುತ್ತಾ ಹೆಸರು ಮಾಡಿ. ಹೊಸದಾಗಿ ಪೇಜ್ ತೆರೆದು ಕಾಯುವುದಕ್ಕಿಂತ ಅದು ಬೇಗ ಫಲ ಕೊಡುತ್ತದೆ.

ಯೂಟ್ಯೂಬ್ ಕಲಿಸುವವರ ಜಾಗ. 2005ರ ಏಪ್ರಿಲ್‌ನಲ್ಲಿ ಅಲ್ಲಿ ಬಂದ ಮೊದಲ ವಿಡಿಯೊ ಕೇವಲ 19 ಸೆಕೆಂಡಿನದು. ಒಬ್ಬರು ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು ಮಾತಾಡಿದ್ದು, ಅಷ್ಟೇ. ಈಗ ಆ ಮಟ್ಟದ ಸರಳತೆ ನಡೆಯುವುದಿಲ್ಲ. ಧ್ವನಿ ಸ್ಪಷ್ಟವಾಗಿರಬೇಕು, ಮೊದಲ ಅರ್ಧ ನಿಮಿಷದಲ್ಲಿ ವಿಷಯಕ್ಕೆ ಬರಬೇಕು. ಒಂದು ವಿಡಿಯೊಗೆ ಹಿಡಿಯುವ ಸಮಯದಲ್ಲಿ ಹತ್ತು ಪೋಸ್ಟ್ ಬರೆಯಬಹುದು. ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು ಬೇಕು. ಅದರ ಜೊತೆಗೆ ಹನ್ನೆರಡು ತಿಂಗಳಲ್ಲಿ 4,000 ಗಂಟೆ ನೋಡಿರಬೇಕು, ಅಥವಾ 90 ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ ಆಗಿರಬೇಕು. ದುಡ್ಡಿನ ಆಸೆಯೊಂದರಿಂದಲೇ ಹೊರಟವರು ಇದರ ಅರ್ಧದಾರಿಯಲ್ಲೇ ಕೈಬಿಡುತ್ತಾರೆ. ತಾಳ್ಮೆಯಿಂದ ಒಂದು ವಿಷಯವನ್ನು ಬಿಡಿಸಿ ಹೇಳುವ ಖುಷಿ ಇರುವವರಿಗೆ ಮಾತ್ರ ಇದು.

ಇನ್ನು ಸ್ವಂತ ವೆಬ್‌ಸೈಟ್ ಮತ್ತು ಇಮೇಲ್ ಪತ್ರ. ಇವು ನಿಧಾನ, ಬೆಳೆಯುವುದು ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ನಿಮ್ಮದು ಅಂತ ಹೇಳಿಕೊಳ್ಳಬಹುದಾದವು ಇವೆರಡೇ. ಆರು ಸೆಕೆಂಡಿನ ವಿಡಿಯೊಗಳ ವೈನ್ 2013ರಲ್ಲಿ ಬಂತು, 2017ರ ಹೊತ್ತಿಗೆ ಮುಗಿಯಿತು. ಗೂಗಲ್ ಪ್ಲಸ್ 2011ರಲ್ಲಿ ಶುರುವಾಗಿ 2019ರ ಏಪ್ರಿಲ್‌ನಲ್ಲಿ ಮುಚ್ಚಿತು. ಭಾರತದಲ್ಲಿ 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಅಲ್ಲಿ ಬೆಳೆದಿದ್ದವರ ಫಾಲೋವರ್ಸ್ ರಾತ್ರೋರಾತ್ರಿ ಕೈತಪ್ಪಿದರು. ಬೇರೆ ಕಡೆಯೂ ಖಾತೆ ಇದ್ದವರು ಹೇಗೋ ಉಳಿದರು. ಒಂದೇ ಕಡೆ ನೆಚ್ಚಿಕೊಂಡವರು ಮತ್ತೆ ಸೊನ್ನೆಯಿಂದ ಶುರು ಮಾಡಬೇಕಾಯಿತು.

ಹಾಗಾದರೆ ಎಲ್ಲ ಕಡೆ ಇರಬೇಕಾ? ಬೇಡ. ಐದೂ ಜಾಗದಲ್ಲಿ ಇರಿ ಎನ್ನುವ ಸಲಹೆ ತಂಡ ಇಟ್ಟುಕೊಂಡವರಿಗೆ ಸರಿ. ಒಬ್ಬರೇ ಮಾಡುವವರು ಒಂದು ಓಡುವ ಜಾಗ, ಒಂದು ಉಳಿಯುವ ಜಾಗ ಆರಿಸಿಕೊಂಡರೆ ಸಾಕು. ಲಿಂಕ್ಡ್‌ಇನ್ ಜೊತೆ ಇಮೇಲ್ ಪತ್ರ. ಇನ್‌ಸ್ಟಾಗ್ರಾಂ ಜೊತೆ ವೆಬ್‌ಸೈಟ್. ಯೂಟ್ಯೂಬ್ ಜೊತೆ ಅದರದ್ದೇ ಶಾರ್ಟ್ಸ್ ಮತ್ತು ಒಂದು ಇಮೇಲ್ ಪಟ್ಟಿ. ಉಳಿದ ಕಡೆ ಹೆಸರು ಮಾತ್ರ ಕಾದಿರಿಸಿ, ಬಯೋದಲ್ಲಿ ‘ನಾನು ಇಲ್ಲಿ ಸಿಗುತ್ತೇನೆ’ ಎಂದು ಬರೆದಿಡಿ.

ಎಷ್ಟು ತೆರೆದಿಡಬೇಕು?

ನನ್ನ ಮಟ್ಟಿಗೆ ಇದೇ ಅಸಲಿ ಪ್ರಶ್ನೆ. ಉಳಿದವನ್ನು ಆಮೇಲೆ ಬದಲಿಸಬಹುದು. ಒಮ್ಮೆ ಹೊರಗೆ ಹಾಕಿದ ಖಾಸಗಿ ವಿಷಯವನ್ನು ವಾಪಸ್ ತರಲು ಆಗುವುದಿಲ್ಲ.

ಮೂರು ದಾರಿಗಳಿವೆ ಅಂದುಕೊಳ್ಳಿ. ಒಂದು, ಮುಗಿದ ಕೆಲಸ ಮಾತ್ರ ತೋರಿಸುವುದು. ಎರಡು, ಕೆಲಸ ನಡೆಯುವ ರೀತಿಯನ್ನೂ ತೋರಿಸುವುದು. ಮೂರು, ಮನೆ, ಮನಸ್ಸು, ಕಷ್ಟಸುಖ ಎಲ್ಲವನ್ನೂ ಹೇಳಿಕೊಳ್ಳುವುದು.

ಮೊದಲನೆಯದು ಸುರಕ್ಷಿತ, ಆದರೆ ತಣ್ಣಗೆ. ಮುಗಿದ ಲೋಗೊ, ಮುಗಿದ ಕಟ್ಟಡ, ಗೆದ್ದ ಪ್ರಶಸ್ತಿ. ನೋಡಿದವರು ಚೆನ್ನಾಗಿದೆ ಅನ್ನುತ್ತಾರೆ, ಮುಂದೆ ಹೋಗುತ್ತಾರೆ. ನೀವು ಹೇಗೆ ಯೋಚಿಸುತ್ತೀರಿ ಎಂಬುದು ಅವರಿಗೆ ತಿಳಿಯುವುದೇ ಇಲ್ಲ.

ಮೂರನೆಯದಕ್ಕೆ ಜನ ಬೇಗ ಸೇರುತ್ತಾರೆ. 1956ರಲ್ಲೇ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಸಂಶೋಧಕರು ಒಂದು ವಿಷಯ ಗಮನಿಸಿದ್ದರು. ಟಿವಿ, ರೇಡಿಯೊದಲ್ಲಿ ದಿನಾ ಬರುವವರನ್ನು ಜನ ತಮ್ಮ ಗೆಳೆಯರೆಂದೇ ಭಾವಿಸುತ್ತಾರೆ, ಆದರೆ ಆ ಗೆಳೆತನ ಒಂದೇ ಕಡೆಯದು. ಫೋನಿನ ಸ್ಕ್ರೀನ್‌ನಲ್ಲಿ ಬೆಳಗ್ಗೆ ಎದ್ದ ಮುಖದಲ್ಲೇ ಮಾತಾಡುವವರ ಜೊತೆ ಈ ಭಾವನೆ ಇನ್ನೂ ಗಾಢವಾಗುತ್ತದೆ. ಅದು ಪ್ರೀತಿಯಾಗಿ ಇರುವವರೆಗೆ ಸರಿ. ನೀವು ಒಂದು ವಾರ ಸುಮ್ಮನಾದರೆ ‘ಏನಾಯಿತು ಹೇಳಿ’ ಎಂದು ಹಕ್ಕಿನಿಂದ ಕೇಳುತ್ತಾರೆ. ನಿಮ್ಮ ಮದುವೆ, ನಿಮ್ಮ ಕಾಯಿಲೆ, ನಿಮ್ಮ ಮಕ್ಕಳ ಮಾರ್ಕ್ಸ್ ಎಲ್ಲದರಲ್ಲೂ ಅವರಿಗೆ ಅಭಿಪ್ರಾಯ ಇರುತ್ತದೆ. ಬಾಗಿಲು ತೆಗೆದವರು ನೀವೇ ಆದ್ದರಿಂದ ಬೈಯುವ ಹಾಗೂ ಇಲ್ಲ.

2015ರಲ್ಲಿ ಆಸ್ಟ್ರೇಲಿಯಾದ ಎಸೆನಾ ಓನೀಲ್ ಎಂಬ 18 ವರ್ಷದ ಹುಡುಗಿ ಇನ್‌ಸ್ಟಾಗ್ರಾಂ ಬಿಟ್ಟದ್ದು ದೊಡ್ಡ ಸುದ್ದಿಯಾಗಿತ್ತು. ಐದು ಲಕ್ಷಕ್ಕೂ ಹೆಚ್ಚು ಫಾಲೋವರ್ಸ್ ಇದ್ದರು. ಬಿಡುವ ಮುಂಚೆ ಹಳೆಯ ಫೋಟೊಗಳ ಕ್ಯಾಪ್ಷನ್‌ಗಳನ್ನೇ ತಿದ್ದಿದಳು. ಈ ಉಡುಪು ಹಾಕಲು ಹಣ ಸಿಕ್ಕಿತ್ತು, ಹೊಟ್ಟೆ ಚೆನ್ನಾಗಿ ಕಾಣುವವರೆಗೆ ಮತ್ತೆ ಮತ್ತೆ ತೆಗೆದದ್ದು ಇದು, ಹೀಗೆ. ಆಗ ಅದನ್ನು ಮೆಚ್ಚಿದವರೂ ಇದ್ದರು, ಇದೂ ಪ್ರಚಾರ ಎಂದವರೂ ಇದ್ದರು. ನನಗೆ ಅದರಲ್ಲಿ ಕಾಣುವುದು ಇಷ್ಟು: ತನ್ನ ದಿನನಿತ್ಯದ ಬದುಕನ್ನೇ ಸರಕು ಮಾಡಿಕೊಂಡವರಿಗೆ ಕೆಲಸದಿಂದ ರಜೆ ಅಂತ ಒಂದಿರುವುದಿಲ್ಲ.

ಎರಡನೆಯ ದಾರಿಯೇ ಹೆಚ್ಚಿನವರಿಗೆ ಒಗ್ಗುತ್ತದೆ ಎನ್ನುವುದು ನನ್ನ ಅಭಿಪ್ರಾಯ. ಮುಗಿದ ಪೋಸ್ಟರ್ ಜೊತೆ ಗ್ರಾಹಕರು ಬೇಡ ಎಂದ ಎರಡು ಹಳೆಯ ವಿನ್ಯಾಸಗಳನ್ನು ಹಾಕಿ, ಏಕೆ ಬೇಡವಾಯಿತು ಎಂದು ಬರೆಯಿರಿ. ಗ್ರಾಹಕರ ಒಪ್ಪಿಗೆ ಕೇಳಿಯೇ ಹಾಕಬೇಕು, ಅದು ಬೇರೆ ಮಾತು. ಲೆಕ್ಕಪತ್ರ ನೋಡುವವರು ಯಾರ ಹೆಸರೂ ಹೇಳದೆ, ಜನ ಸಾಮಾನ್ಯವಾಗಿ ಬಿಡುವ ಕಾಗದಗಳ ಬಗ್ಗೆ ಬರೆಯಬಹುದು. ಪ್ರೋಗ್ರಾಮರ್ ಒಬ್ಬರು ಎರಡು ದಿನ ಕಾಡಿದ ಒಂದು ಬಗ್ ಹೇಗೆ ಸಿಕ್ಕಿತು ಎಂದು ಬರೆದರೆ ಅದನ್ನು ಓದುವವರು ಅದೇ ಬಗ್‌ನಲ್ಲಿ ಸಿಕ್ಕಿಕೊಂಡವರು. ಅವರು ನಿಮ್ಮನ್ನು ಮರೆಯುವುದಿಲ್ಲ. ಇಂಥ ಪೋಸ್ಟ್‌ನಲ್ಲಿ ನಿಮ್ಮ ಸ್ವಭಾವ ತಾನಾಗಿ ಕಾಣುತ್ತದೆ. ತಾಳ್ಮೆ, ಹಟ, ತಮಾಷೆ, ಯಾವುದನ್ನು ಒಪ್ಪುತ್ತೀರಿ, ಯಾವುದನ್ನು ಒಪ್ಪುವುದಿಲ್ಲ. ‘ನಾನು ಪ್ರಾಮಾಣಿಕ’ ಎಂದು ಬಯೋದಲ್ಲಿ ಬರೆಯುವ ಅಗತ್ಯವೇ ಬರುವುದಿಲ್ಲ.

ಕಷ್ಟದ ದಿನಗಳ ಬಗ್ಗೆ ಬರೆಯಬಾರದಾ? ಬರೆಯಿರಿ, ಆದರೆ ಗಾಯ ಹಸಿಯಾಗಿದ್ದಾಗ ಬೇಡ. ಆಗ ನಿಮಗೆ ಬೇಕಾದದ್ದು ನಿಮ್ಮ ಪಕ್ಕ ಕೂರುವ ಒಬ್ಬರು, ಕಮೆಂಟ್ ಮಾಡುವ ಸಾವಿರ ಜನ ಅಲ್ಲ. ಇನ್ನೊಂದು, ನಿಮ್ಮ ಕಥೆಯಲ್ಲಿ ಬೇರೆಯವರೂ ಇರುತ್ತಾರೆ. ಮಾಜಿ ಸಂಗಾತಿ, ಸಹೋದ್ಯೋಗಿ, ಮಕ್ಕಳು. ಅವರು ಈ ವೇದಿಕೆಗೆ ಬರಲು ಒಪ್ಪಿದ್ದಾರಾ? ಮಕ್ಕಳಂತೂ ಒಪ್ಪಿಗೆ ಕೊಡುವ ವಯಸ್ಸಿನಲ್ಲೇ ಇರುವುದಿಲ್ಲ. ಹೆಸರು ಮರೆಮಾಡಿದರೆ ಸಾಕು ಎಂದುಕೊಳ್ಳಬೇಡಿ. ಗೊತ್ತಿರುವವರಿಗೆ ಗೊತ್ತಾಗಿಯೇ ಆಗುತ್ತದೆ.

ಇದಕ್ಕೆ ಸೇರಿದ ಇನ್ನೊಂದು ಕಾಯಿಲೆ ಇದೆ, ಸಹಜತೆಯ ನಟನೆ. ಟ್ರೈಪಾಡ್ ಇಟ್ಟು, ಬೆಳಕು ಸರಿಮಾಡಿ, ಆಮೇಲೆ ಅಳುವ ವಿಡಿಯೊ. ಬೇಕೆಂದೇ ಕೆದರಿಕೊಂಡ ಕೂದಲು. ಬಿರಿಯಲ್ ಎಂಬ ಆ್ಯಪ್ ಇದಕ್ಕೇ ಮದ್ದು ಎಂದು ಬಂದಿತ್ತು. ದಿನಕ್ಕೊಮ್ಮೆ ಹೇಳದೆ ಕೇಳದೆ ಸೂಚನೆ ಬರುತ್ತದೆ, ಎರಡು ನಿಮಿಷದಲ್ಲಿ ಹಿಂದಿನ ಮುಂದಿನ ಕ್ಯಾಮೆರಾ ಎರಡರಲ್ಲೂ ಇದ್ದ ಹಾಗೆ ಫೋಟೊ ತೆಗೆದು ಹಾಕಬೇಕು. 2022ರಲ್ಲಿ ಅದರ ಅಬ್ಬರ ಜೋರಾಗಿತ್ತು. ತಡವಾಗಿ ಹಾಕಲೂ ಅವಕಾಶ ಇದ್ದುದರಿಂದ, ಒಳ್ಳೆಯ ಜಾಗಕ್ಕೆ ಹೋಗುವವರೆಗೆ ಕಾದು ಹಾಕುವ ದಾರಿಯೂ ತೆರೆದೇ ಇತ್ತು. 2024ರಲ್ಲಿ ಆ ಆ್ಯಪ್ ಒಂದು ಗೇಮ್ ಕಂಪನಿಗೆ ಮಾರಾಟವಾಯಿತು.

ಒಂದೇ ವಿಷಯವಾ, ಹಲವಾ?

ಶುರುವಿನಲ್ಲಿ ಒಂದೇ. ಇದರಲ್ಲಿ ಜಾಸ್ತಿ ಯೋಚಿಸುವುದೇನಿಲ್ಲ. ಹೊಸಬರು ನಿಮ್ಮ ಪ್ರೊಫೈಲ್‌ಗೆ ಬಂದಾಗ ಮೇಲಿನ ಐದಾರು ಪೋಸ್ಟ್ ನೋಡಿ ನೀವು ಯಾರು ಎಂದು ತೀರ್ಮಾನಿಸುತ್ತಾರೆ. ಅಲ್ಲಿ ಕ್ರಿಕೆಟ್, ಷೇರು, ಕವಿತೆ, ರಾಜಕೀಯ ಒಟ್ಟಿಗೆ ಕಂಡರೆ ಗೊಂದಲ. ಆದರೆ ನಿಮಗೆ ನಿಜವಾಗಿಯೂ ಎರಡು ಆಸಕ್ತಿಗಳಿದ್ದರೆ ಒಂದನ್ನು ಕೊಲ್ಲುವುದು ಬೇಡ. ಇವೆರಡರ ನಡುವೆ ಎಲ್ಲಿ ನಂಟಿದೆ ಎಂದು ನೋಡಿ. ಚಾರಣಕ್ಕೆ ಹೋಗುವ ವೈದ್ಯರು ಬೆಟ್ಟ ಹತ್ತುವಾಗ ಉಸಿರಿನ ಬಗ್ಗೆ ಬರೆದರೆ ಅದು ಇನ್ಯಾರೂ ಬರೆಯಲಾಗದ ಬರಹ.

ದಿನಾ ಹಾಕಬೇಕಾ ಎಂಬುದಕ್ಕೂ ಉತ್ತರ ಚಿಕ್ಕದು. ಕೆಲಸ ಹೆಚ್ಚಿರುವ ವಾರದಲ್ಲೂ ಎಷ್ಟು ಸಾಧ್ಯವೋ ಅಷ್ಟು. ದಿನಕ್ಕೆರಡು ಹಾಕಿ ತಿಂಗಳಲ್ಲಿ ನಿಲ್ಲಿಸುವ ಆರಂಭ ಶೂರರಿಗಿಂತ ವಾರಕ್ಕೊಂದು ಹಾಕುವವರು ಮುಂದೆ ಹೋಗುತ್ತಾರೆ. ಮಿಕ್ಕ ಸಮಯದಲ್ಲಿ ಬೇರೆಯವರ ಪೋಸ್ಟ್‌ಗಳಿಗೆ ಯೋಚಿಸಿ ಕಮೆಂಟ್ ಬರೆಯಿರಿ. ಒಳ್ಳೆಯ ಕಮೆಂಟ್‌ನಿಂದ ಸಿಗುವ ಪರಿಚಯ ಎಷ್ಟೋ ಸಲ ಪೋಸ್ಟ್‌ನಿಂದ ಸಿಗುವುದಿಲ್ಲ.

ಯಾರು ಬರೆಯಬೇಕು?

ನೀವೇ ಬರೆಯುವುದು, ಬೇರೆಯವರ ಕೈಲಿ ಬರೆಸುವುದು, ಎಐ ಕೈಲಿ ಬರೆಸುವುದು. ನೀವೇ ಬರೆದರೆ ಸಮಯ ಹೋಗುತ್ತದೆ, ಸ್ವಂತ ದನಿ ಉಳಿಯುತ್ತದೆ. ಬೇರೆಯವರಿಂದ ಬರೆಸುವುದು ಮೋಸ ಎಂದು ನಾನು ಹೇಳುವುದಿಲ್ಲ. ನೀವು ಅರ್ಧ ಗಂಟೆ ಮಾತಾಡಿ, ಅವರು ಅದನ್ನು ಕೇಳಿ ಜೋಡಿಸಿ ಕೊಟ್ಟರೆ ವಿಚಾರ ನಿಮ್ಮದೇ. ನಿಮ್ಮನ್ನು ಮಾತಾಡಿಸದೆಯೇ ತಿಂಗಳಿಗೆ ಇಪ್ಪತ್ತು ಪೋಸ್ಟ್ ಬರೆದುಕೊಡುತ್ತೇವೆ ಎನ್ನುವವರಿಂದ ದೂರ ಇರಿ. ಮೀಟಿಂಗ್‌ನಲ್ಲಿ ಯಾರೋ ‘ನೀವು ಅವತ್ತು ಬರೆದಿದ್ದಿರಲ್ಲ’ ಎಂದಾಗ ತಬ್ಬಿಬ್ಬಾಗಬೇಕಾಗುತ್ತದೆ.

ಎಐ ವಿಷಯದಲ್ಲಿ ನನ್ನ ಗೆರೆ ಸ್ಪಷ್ಟ. ಆಡಿಯೊವನ್ನು ಅಕ್ಷರಕ್ಕೆ ಇಳಿಸಲಿ, ಕಾಗುಣಿತ ನೋಡಲಿ, ಉದ್ದದ ಬರಹವನ್ನು ಚಿಕ್ಕದು ಮಾಡಲಿ, ವಿಡಿಯೊಗೆ ಸಬ್‌ಟೈಟಲ್ ಹಾಕಲಿ. ಅನುಭವವನ್ನೂ ಅಭಿಪ್ರಾಯವನ್ನೂ ಅದರಿಂದ ಕೇಳಬೇಡಿ. ಅದು ಕೊಡುವ ಅಭಿಪ್ರಾಯ ಯಾರಿಗೂ ನೋಯದ, ಯಾರಿಗೂ ನಾಟದ ಅಭಿಪ್ರಾಯ. ಪರೀಕ್ಷೆ ಸುಲಭ. ಪೋಸ್ಟ್ ಹಾಕುವ ಮುಂಚೆ ಜೋರಾಗಿ ಓದಿ. ನಿಮ್ಮ ಬಾಯಿಂದ ಯಾವತ್ತೂ ಬಾರದ ಪದ ಬಂದರೆ ಕಿತ್ತುಹಾಕಿ. ಕಮೆಂಟ್‌ಗೆ, ಖಾಸಗಿ ಮೆಸೇಜ್‌ಗೆ (ಡಿಎಂ) ಉತ್ತರ ಮಾತ್ರ ನೀವೇ ಬರೆಯಬೇಕು. ಚಿಕ್ಕದಾದರೂ ಸರಿ, ತಡವಾದರೂ ಸರಿ.

ದುಡ್ಡು ಬರುವ ದಾರಿ

ಬೇರೆ ಕಂಪನಿಗಳ ಪ್ರಚಾರ ಮಾಡಿ ಗಳಿಸಬಹುದು, ಅಥವಾ ನಿಮ್ಮದೇ ಸೇವೆ, ಕೋರ್ಸ್, ಕಲೆ ಮಾರಿ ಗಳಿಸಬಹುದು. ಮೊದಲನೆಯದಕ್ಕೆ ದೊಡ್ಡ ಸಂಖ್ಯೆ ಬೇಕು. ಎರಡನೆಯದಕ್ಕೆ ಸರಿಯಾದ ಕೆಲವೇ ಜನ ಸಾಕು. ಸಣ್ಣ ಖಾತೆಯವರು ಎರಡನೆಯದನ್ನು ಹಿಡಿಯುವುದು ಜಾಣತನ.

ಪ್ರಚಾರ ಒಪ್ಪಿಕೊಳ್ಳುವುದಾದರೆ ಹಣ ಪಡೆದಿದ್ದೇವೆ ಎಂದು ಮೊದಲ ಸಾಲಿನಲ್ಲೇ ಹೇಳಿ. ಎಷ್ಟೋ ದೇಶಗಳಲ್ಲಿ ಇದು ನಿಯಮವೂ ಹೌದು, ಇನ್‌ಸ್ಟಾಗ್ರಾಂ ಮತ್ತು ಯೂಟ್ಯೂಬ್‌ನಲ್ಲಿ ಅದಕ್ಕೆಂದೇ ಲೇಬಲ್ ಇದೆ. 2017ರ ಫೈರ್ ಫೆಸ್ಟಿವಲ್ ನೆನಪಿರಬಹುದು. ಬಹಾಮಾಸ್‌ನಲ್ಲಿ ಐಷಾರಾಮಿ ಸಂಗೀತೋತ್ಸವ ಎಂದು ಹೆಸರಾಂತ ಮಾಡೆಲ್‌ಗಳು ಇನ್‌ಸ್ಟಾಗ್ರಾಂನಲ್ಲಿ ಕಿತ್ತಳೆ ಬಣ್ಣದ ಚೌಕ ಹಾಕಿದರು. ಹಣ ಪಡೆದದ್ದನ್ನು ಹಲವರು ಹೇಳಲಿಲ್ಲ. ಟಿಕೆಟ್ ಕೊಂಡು ಹೋದವರಿಗೆ ಸಿಕ್ಕಿದ್ದು ಒದ್ದೆ ಟೆಂಟುಗಳು. ಸಂಘಟಕನಿಗೆ 2018ರಲ್ಲಿ ಆರು ವರ್ಷ ಜೈಲು ಶಿಕ್ಷೆಯಾಯಿತು. ಚೌಕ ಹಾಕಿದವರ ಮಾತಿನ ಬೆಲೆಯೂ ಆ ವಾರ ಇಳಿಯಿತು. ಗೆಳೆಯರಿಗೆ ನೀವಾಗಿ ಹೇಳದ ವಸ್ತುವನ್ನು ಫಾಲೋವರ್ಸ್‌ಗೂ ಹೇಳಬೇಡಿ. ಫಾಲೋವರ್ಸ್‌ಗಳನ್ನು ಕೊಳ್ಳುವ ಬಗ್ಗೆ ಬರೆಯುವುದಕ್ಕೂ ಬೇಸರ. ಐವತ್ತು ಸಾವಿರ ಫಾಲೋವರ್ಸ್, ಪೋಸ್ಟ್‌ಗೆ ಹನ್ನೆರಡು ಲೈಕ್. ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ.

ಆರು ತಿಂಗಳಾದ ಮೇಲೆ

ಆಗ ಫಾಲೋವರ್ಸ್ ಸಂಖ್ಯೆ ನೋಡಬೇಡಿ, ಬಂದ ಮೆಸೇಜ್‌ಗಳನ್ನು ನೋಡಿ. ಯಾರು ಬರೆದಿದ್ದಾರೆ, ಏನು ಕೇಳಿದ್ದಾರೆ? ನೀವು ಮದುವೆ ಫೋಟೊ ತೆಗೆಯುವುದಿಲ್ಲ, ಆದರೆ ಬಂದವರೆಲ್ಲ ಅದನ್ನೇ ಕೇಳುತ್ತಿದ್ದಾರೆ ಎಂದರೆ ನಿಮ್ಮ ಪ್ರೊಫೈಲ್ ಬೇರೆ ಏನನ್ನೋ ಹೇಳುತ್ತಿದೆ. ಮೊದಲು ಬಯೋ ತಿದ್ದಿ. ಒಂದೆರಡು ತಿಂಗಳಲ್ಲಿ ಬದಲಾಗದಿದ್ದರೆ ವಿಷಯಗಳನ್ನು ತಿದ್ದಿ. ಜಾಗ ಬದಲಿಸುವುದು ಎಲ್ಲಕ್ಕಿಂತ ಕೊನೆಗೆ. ಮೆಸೇಜೇ ಬಂದಿಲ್ಲವಾದರೆ, ನಿಮ್ಮನ್ನು ಸಂಪರ್ಕಿಸುವ ದಾರಿ ಕಣ್ಣಿಗೆ ಕಾಣುವ ಹಾಗೆ ಇದೆಯಾ ಎಂದು ಬೇರೊಬ್ಬರ ಫೋನ್‌ನಲ್ಲಿ ನೋಡಿ.

ಜಾಗ ಬಿಡಲೇಬೇಕೆಂದಾಗ ಖಾತೆಯನ್ನು ಸಿಟ್ಟಿನಲ್ಲಿ ಅಳಿಸಬೇಡಿ. ಮೊದಲು ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಡೇಟಾದ ಪ್ರತಿ ಇಳಿಸಿಕೊಳ್ಳಿ, ದೊಡ್ಡ ಆ್ಯಪ್‌ಗಳಲ್ಲೆಲ್ಲ ಆ ಸೌಲಭ್ಯ ಇದೆ. ಇನ್ನು ಮುಂದೆ ಎಲ್ಲಿ ಸಿಗುತ್ತೀರಿ ಎಂಬ ಪೋಸ್ಟ್ ಒಂದನ್ನು ಮೇಲೆ ಪಿನ್ ಮಾಡಿ. ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಲಾಗಿನ್ ಹಾಕಿ ಖಾತೆಯನ್ನು ಹಾಗೇ ಬಿಡಿ. ಅಳಿಸಿಬಿಟ್ಟರೆ ಕೆಲವು ಕಡೆ ನಿಮ್ಮ ಹ್ಯಾಂಡಲ್ ಬೇರೆಯವರ ಪಾಲಾಗಬಹುದು. ಆಮೇಲೆ ಆ ಹೆಸರಿನಲ್ಲಿ ಅವರು ಏನು ಬರೆದರೂ ಹಳೆಯ ಲಿಂಕ್ ಒತ್ತಿ ಬಂದವರು ನೀವೇ ಬರೆದದ್ದು ಎಂದುಕೊಳ್ಳುತ್ತಾರೆ.